ಮಂಗನದ್ದೊಂದು ಇಂಜೆಕ್ಷನ್

ನನ್ನ ತಮ್ಮ ಕಮಲಾಕ್ಷನಿಗೆ ಮಂಗನ ಕಾಯಿಲೆ ಬಂದಿದೆ ಎಂಬುದು ನಮ್ಮ ಊರು ಬೆಳುವಾಯಿಯಲ್ಲಿ ಎಲ್ಲರಿಗೂ ಗೊತ್ತಾಗಿ, ಕೊನೆಯಲ್ಲಿ ಗೊತ್ತಾದದ್ದು ಕಮಲಾಕ್ಷನಿಗೆ. ಆಗ ಅವನು ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ತೊಂಡೆ ಸೊಪ್ಪು ಜಗಿಯುತ್ತಿದ್ದ. ಹಾಗಾಗಿ ಸುದ್ದಿಯನ್ನು ಸುಳ್ಳೆಂದು ಸಾಧಿಸುವುದು ಸ್ವಲ್ಪ ಕಷ್ಟವಾಯಿತು.

ಮೊದಲಿನಿಂದ ಹೇಳುತ್ತೇನೆ. ನಾವು ಒಂದೇ ಅಂಗಳದ ಎರಡು ಮನೆಯವರು. ಒಂದರಲ್ಲಿ ಅಕ್ಕನಾದ ನಾನು, ಇನ್ನೊಂದರಲ್ಲಿ ಕಮಲಾಕ್ಷ ಮತ್ತು ಅವನ ಹೆಂಡತಿ ಕಾಂತಿ. ಕಂಪೌಂಡು ಗೋಡೆಯ ಆಚೆ ಕಾಂತಿಯ ಅಣ್ಣ ಸುಧಾಕರನ ಹೊಸ ಮನೆ. ಮಸ್ಕತ್ತಿನಲ್ಲಿ ಬಹಳ ವರ್ಷ ದುಡಿದು ಬಂದವನು. ಒಳ್ಳೆಯ ಮನುಷ್ಯ. ಅವನಲ್ಲಿರುವ ದೋಷ ಒಂದೇ. ಕಮಲಾಕ್ಷ ಏನು ಮಾಡಬೇಕೆಂದು ಯೋಚಿಸುತ್ತಾನೋ ಅದನ್ನು ಸುಧಾಕರ ಮೊದಲೇ ಮಾಡಿ ಮುಗಿಸುತ್ತಾನೆ. ಹುಲ್ಲು ಕತ್ತರಿಸುವ ಯಂತ್ರ ತರುವ ಎಂದು ಕಮಲಾಕ್ಷ ಮಧ್ಯಾಹ್ನದ ಊಟಕ್ಕೆ ಹೇಳಿದರೆ ಸಂಜೆಯೊಳಗೆ ಗೋಡೆಯ ಆಚೆ ಯಂತ್ರ ಗುರ್ ಎನ್ನುತ್ತದೆ. ಬಾವಿಗೆ ಬಲೆ ಹಾಕಿಸುವ ಎಂದರೆ ಮರುದಿನ ಸುಧಾಕರನ ಬಾವಿಗೆ ಬಲೆ. ಅವನ ಬಾವಿಯಲ್ಲಿ ಬೀಳುವುದಕ್ಕೆ ಒಂದು ಎಲೆಯೂ ಇರಲಿಲ್ಲ, ಅಲ್ಲಿ ಮರವೇ ಇಲ್ಲ.

ಸುಧಾಕರನ ಗೃಹಪ್ರವೇಶದ ದಿನ ಊಟವಾದ ಮೇಲೆ ಅವನು ದೊಡ್ಡ ಟಿವಿಯಲ್ಲಿ ಮಸ್ಕತ್ತಿನ ಮರುಭೂಮಿ ಸಫಾರಿಯ ವೀಡಿಯೋ ಹಾಕಿದ. ಕಾರು ಮರಳಿನ ಗುಡ್ಡ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಎಲ್ಲರೂ ವೀಳ್ಯದೆಲೆ ಜಗಿಯುತ್ತ ನೋಡಿದೆವು. ಕಾಂತಿ ಮಾತ್ರ ಕೊನೆಯವರೆಗೂ ಮುಂದಕ್ಕೆ ಬಗ್ಗಿ ಕುಳಿತಿದ್ದವಳು, ಮುಗಿದ ಮೇಲೆ ಮೆಲ್ಲನೆ ಕೇಳಿದಳು:

"ಅಣ್ಣ, ಪ್ರಾಣಿ ಎಲ್ಲಿ?"

ಮರುಭೂಮಿಯ ಸಫಾರಿಯಲ್ಲಿ ಪ್ರಾಣಿ ಇರುವುದಿಲ್ಲವೆಂದೂ, ಒಂದು ಒಂಟೆ ಇತ್ತು, ಅದು ಊಟಕ್ಕೆ ಹೋಗಿತ್ತೆಂದೂ ಸುಧಾಕರ ವಿವರಿಸಿದ. ಆಗ ಕಮಲಾಕ್ಷನ ಬಾಯಿಂದ ಮಾತು ಹೊರಬಿತ್ತು: "ನಾವು ಹೋಗುವ ಸಫಾರಿಯಲ್ಲಿ ಪ್ರಾಣಿ ಇರ್ತದೆ."

ಜನ ನಕ್ಕರು. ಧರ್ಮಸ್ಥಳದ ಆನೆಗೆ ಬಾಳೆಹಣ್ಣು ಕೊಡಲು ಹೆದರಿ, ಸಿಪ್ಪೆ ಸುಲಿದು ತಾನೇ ತಿಂದ ಮನುಷ್ಯ ಇವನು ಎಂಬುದು ಊರಿಗೆಲ್ಲ ಗೊತ್ತಿತ್ತು. ನಗದೆ ಇದ್ದವಳು ಕಾಂತಿ ಒಬ್ಬಳೇ. ಮನೆಗೆ ಬರುವಾಗ ಗೇಟಿನ ಹತ್ತಿರ ನಿಂತು, "ಯಾವಾಗ ಹೋಗುವುದು?" ಎಂದು ಕೇಳಿದಳು.

ಆ ಪ್ರಶ್ನೆಯನ್ನು ಕಮಲಾಕ್ಷನಿಗೆ ತಮಾಷೆ ಮಾಡಿ ಬಿಡಲಾಗಲಿಲ್ಲ. ಮದುವೆಯಾದ ಹೊಸದರಲ್ಲಿ ಇವರಿಬ್ಬರೂ ಧರ್ಮಸ್ಥಳಕ್ಕೆ ಹೋಗಿ ಎರಡು ರಾತ್ರಿ ಉಳಿಯುವುದೆಂದು ಹೊರಟವರು, ದನ ಕರು ಹಾಕುವ ಹೊತ್ತಾಯಿತೆಂದು ಅದೇ ಸಂಜೆಯ ಬಸ್ಸಿಗೆ ವಾಪಸು ಬಂದಿದ್ದರು. ದನ ಕರು ಹಾಕಿದ್ದು ಮುಂದಿನ ವಾರ. ಆಮೇಲೆ ಕಾಂತಿ ಎಲ್ಲಿಗೂ ಹೋಗುವ ಮಾತೆತ್ತಲಿಲ್ಲ. ಅವಳ ಆಸೆ ಎಂದರೆ ಒಂದೇ. ಟಿವಿಯಲ್ಲಿ ಒಮ್ಮೆ ತಾಯಿ ಗೊರಿಲ್ಲಾ ಮರಿಯ ಮುಖ ಒರೆಸುವುದನ್ನು ನೋಡಿ, "ನನ್ನ ಅಮ್ಮ ಹೀಗೇ ಒರೆಸುತ್ತಿದ್ದದ್ದು, ಸ್ವಲ್ಪ ಜೋರಾಗಿ" ಎಂದಿದ್ದಳು. ಕಮಲಾಕ್ಷ ಅದನ್ನು ಮರೆತಿರಲಿಲ್ಲ. ಅದು ನನಗೂ ಆಶ್ಚರ್ಯವೇ. ಅವನು ಛತ್ರಿ, ಕನ್ನಡಕ, ಒಮ್ಮೆ ನನ್ನನ್ನೇ ಮೂಡುಬಿದಿರೆಯ ಬಸ್ ಸ್ಟ್ಯಾಂಡಿನಲ್ಲಿ ಮರೆತು ಬಂದವನು.

ಹೀಗೆ ಹಳೆಯ ರಬ್ಬರ್ ಮರಗಳನ್ನು ಕಡಿಸಿ ಮಾರಿದ ದುಡ್ಡಿನಲ್ಲಿ ಉಗಾಂಡಾ ಎಂಬ ದೇಶಕ್ಕೆ ಹೋಗುವುದೆಂದು ಆಯಿತು. ಮೊದಲು ಜೀಪಿನಲ್ಲಿ ಆನೆ, ಸಿಂಹ. ಆಮೇಲೆ ಬೆಟ್ಟ ಹತ್ತಿ, ನಡೆದೇ ಹೋಗಿ, ಗೊರಿಲ್ಲಾ. ಷರತ್ತು ಒಂದೇ. ವಿಮಾನ ಹತ್ತುವವರೆಗೂ ಸುಧಾಕರನಿಗೆ ಗೊತ್ತಾಗಬಾರದು. "ಗೊತ್ತಾದರೆ ಅವನು ಮೊದಲು ಹೋಗಿ ಗೊರಿಲ್ಲಾದ ಹೆಗಲಿಗೆ ಕೈ ಹಾಕಿ ಫೋಟೋ ಕಳಿಸ್ತಾನೆ ಅಕ್ಕ" ಎಂದು ಕಮಲಾಕ್ಷ ನನ್ನಿಂದ ಭಾಷೆ ತೆಗೆದುಕೊಂಡ.

ಏರ್ಪಾಡಿಗೆ ಅವನು ಹೋದದ್ದು ಬಂಟ್ವಾಳಕ್ಕೆ, ಬಿ.ಸಿ. ರೋಡಿನಲ್ಲಿ ಟ್ರಾವೆಲ್ಸ್ ಇಟ್ಟಿರುವ ಹಾಜಬ್ಬನ ಹತ್ತಿರ. ಇಬ್ಬರೂ ಹೈಸ್ಕೂಲಿನಲ್ಲಿ ಒಂದೇ ಬೆಂಚು. ಹಾಜಬ್ಬ ಮೆಕ್ಕಾದ ಉಮ್ರಾ ಯಾತ್ರೆಗೆ ಜನರನ್ನು ಕಳುಹಿಸಿ, ಕ್ಷೇಮವಾಗಿ ತಿರುಗಿ ಕರೆಸುವುದರಲ್ಲಿ ಹೆಸರಾದವನು. ಉಗಾಂಡಾಕ್ಕೆ ಇದುವರೆಗೆ ಯಾರನ್ನೂ ಕಳುಹಿಸಿರಲಿಲ್ಲ.

"ಮಂಗ ನೋಡ್ಲಿಕ್ಕೆ ವಿಮಾನದಲ್ಲಿ ಹೋಗುವುದಾ ಮಾರಾಯ?" ಎಂದ ಹಾಜಬ್ಬ. "ನನ್ನ ತೋಟಕ್ಕೆ ಬಾ. ಅವು ಬಿಟ್ಟಿದ್ದರೆ ನಿನಗೊಂದು ಸೀಯಾಳವನ್ನೂ ಕೊಡ್ತೇನೆ."

"ಗೊರಿಲ್ಲಾ ಮಂಗ ಅಲ್ಲ ಹಾಜಬ್ಬ. ಅದಕ್ಕೆ ಬಾಲ ಇಲ್ಲ."

"ಬಾಲ ಇಲ್ಲದಿದ್ದರೆ ವೀಸಾ ಸುಲಭ ಆಗ್ತದಾ?"

ಆದರೂ ಹಾಜಬ್ಬ ಹಿಂದೆ ಸರಿಯಲಿಲ್ಲ. ಅವನ ತಂಗಿಯ ಮಗ ಫಯಾಝ್ ದುಬಾಯಿಯಲ್ಲಿ ಇದ್ದಾನೆ. ಅವನ ಜೊತೆ ಕೆಲಸ ಮಾಡುವ ಒಬ್ಬ ಉಗಾಂಡಾದವನು. ಅವನ ಅಣ್ಣ ಅಲ್ಲಿ ಸಫಾರಿ ಜೀಪು ಓಡಿಸುತ್ತಾನೆ. ಇಷ್ಟು ಜನರ ಮೂಲಕ ಮಾತು ಹೋಗಿ, ಮಾತು ಬಂದು, ಒಂದು ತಿಂಗಳ ಆಚೆಗೆ ದಿನ ಗೊತ್ತಾಯಿತು. ಗೊರಿಲ್ಲಾ ನೋಡುವ ಪರವಾನಿಗೆ ಆ ಒಂದು ದಿನಕ್ಕೆ ಮಾತ್ರ, ತಪ್ಪಿದರೆ ಹೋಯಿತು. ನಿಯಮಗಳೂ ಬಂದವು. ತುಂಬುತೋಳಿನ ಮಂಕು ಬಣ್ಣದ ಬಟ್ಟೆ ಹಾಕಬೇಕು. ಪ್ಯಾಂಟನ್ನು ಕಾಲುಚೀಲದ ಒಳಗೆ ಸೇರಿಸಬೇಕು. ಗೊರಿಲ್ಲಾದಿಂದ ಒಂದು ಅಂಗಳದಷ್ಟು ದೂರ ಇರಬೇಕು. ಅದು ಹತ್ತಿರ ಬಂದರೆ ಓಡಬಾರದು. ತಲೆ ತಗ್ಗಿಸಿ ಕುಕ್ಕರಗಾಲಲ್ಲಿ ಕುಳಿತು, ಕಣ್ಣಲ್ಲಿ ಕಣ್ಣಿಡದೆ, ಸೊಪ್ಪು ತಿನ್ನುವ ಹಾಗೆ ಮಾಡಿ, ಗಂಟಲಿನಲ್ಲಿ ಮೆಲ್ಲಗೆ "ಹ್ಮ್ ಹ್ಮ್" ಅನ್ನಬೇಕು. ಕೊನೆಯದಾಗಿ, ಆರೋಗ್ಯ ಸರಿ ಇದೆ ಎಂದು ಡಾಕ್ಟರ ಸರ್ಟಿಫಿಕೇಟು ಬೇಕು, ಹಳದಿ ಜ್ವರದ ಇಂಜೆಕ್ಷನೂ ಬೇಕು.

ಕಮಲಾಕ್ಷ ಇಷ್ಟನ್ನೂ ಶ್ರದ್ಧೆಯಿಂದ ಆರಂಭಿಸಿದ. ಮೊದಲು ಮೂಡುಬಿದಿರೆಯ ಸಮದ್ ಟೈಲರಲ್ಲಿಗೆ ಹೋಗಿ ಸಫಾರಿ ಹೊಲಿಸಬೇಕು ಎಂದ. ಸಫಾರಿ ಸೂಟು ಹೊಲಿಸಿಕೊಳ್ಳುವವರು ಈಗ ಮದುಮಗಳ ತಂದೆಯಂದಿರು ಮಾತ್ರ, ಅವರೂ ಕಡಿಮೆಯಾಗಿದ್ದಾರೆ. ಯಾರ ಮದುವೆ ಎಂದು ಸಮದ್ ಕೇಳಿದ. ಮದುವೆಯಲ್ಲ, ಸಫಾರಿಗೆ ಎಂದ ಕಮಲಾಕ್ಷ. "ಸಫಾರಿಗೇ ಸಫಾರಿಯಾ?" ಎಂದು ಸಮದ್ ಸ್ವಲ್ಪ ಹೊತ್ತು ಟೇಪು ಹಿಡಿದುಕೊಂಡೇ ನಿಂತನಂತೆ. ಆದರೆ ಕಾಡಿಗೆ ಎಂದು ತಿಳಿದ ಮೇಲೆ ಕೇಳದೆಯೇ ಎಲ್ಲ ಕಿಸೆಗಳಿಗೂ ಮುಚ್ಚಳ ಹೊಲಿದು ಕೊಟ್ಟ, ಮಳೆ ಬಂದರೆ ನೀರು ಹೋಗದಿರಲಿ ಎಂದು.

ಬೆಟ್ಟ ಹತ್ತುವ ಅಭ್ಯಾಸಕ್ಕೆ ಗಂಡ ಹೆಂಡತಿ ಬೆಳ್ತಂಗಡಿಯ ಕಡೆಗೆ ಹೋಗಿ ಗಡಾಯಿಕಲ್ಲು ಹತ್ತಿದರು. ಕಾಂತಿ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿದ್ದಳು. ಅವಳು ತುದಿಯವರೆಗೆ ಹೋದಳು. ಕಮಲಾಕ್ಷ ಅರ್ಧದಲ್ಲಿ ಕುಳಿತು, ಮೇಲಿಂದ ಅವಳು ಕಾಣುತ್ತಾಳೋ ಎಂದು ನೋಡುವ ಮುಖ್ಯ ಕೆಲಸವನ್ನು ವಹಿಸಿಕೊಂಡ. ಆಗ ಒಂದು ಮಂಗ ಬಂದು ಅವನ ಕೈಯಲ್ಲಿದ್ದ ಕಡಲೆಬೇಳೆಯ ಚಟ್ಟಂಬಡೆಯನ್ನು ತೆಗೆದುಕೊಂಡು ಹೋಯಿತು. ಅದರ ಉಗುರು ತಾಗಿ ಬೆರಳಿಗೆ ಒಂದು ಗೀರು ಬಿತ್ತು.

ಆ ಗೀರು ಒಣಗುವ ಮೊದಲೇ ಅವನು ಇಂಜೆಕ್ಷನ್ನಿನ ವಿಚಾರಕ್ಕೆ ಆರೋಗ್ಯ ಕೇಂದ್ರಕ್ಕೆ ಹೋದದ್ದೇ ಅನಾಹುತಕ್ಕೆ ಕಾರಣ. ದಾರಿಯಲ್ಲಿ ಅವನು ಬಹಳ ಯೋಚಿಸಿದ್ದನಂತೆ. ಹಳದಿ ಜ್ವರ ಎಂದರೆ ಇವರು ಕಾಮಾಲೆ ಎಂದು ತಿಳಿದು ಕಹಿ ಮದ್ದು ಕುಡಿಸುತ್ತಾರೆ. ಉಗಾಂಡಾ ಎಂದರೆ ಸಂಜೆಯೊಳಗೆ ಸುಧಾಕರನಿಗೆ ಮುಟ್ಟುತ್ತದೆ. ಆದ್ದರಿಂದ ಎರಡನ್ನೂ ಬಿಟ್ಟು ಕೇಳಬೇಕು. ಅಲ್ಲಿ ಸಿಕ್ಕಿದ್ದು ನಮ್ಮ ಊರಿನ ಆಶಾ ಕಾರ್ಯಕರ್ತೆ ಅಕ್ಷಿತಾ.

"ಮಂಗನದ್ದೊಂದು ಇಂಜೆಕ್ಷನ್ ಉಂಟಲ್ಲ, ಅದು ಬೇಕಿತ್ತು" ಎಂದ ಕಮಲಾಕ್ಷ.

"ಮಂಗನ ಜ್ವರದ್ದಾ ಕಮಲಾಕ್ಷಣ್ಣ?"

ಜ್ವರ ಎಂಬ ಮಾತು ಕೇಳಿ ಅವನಿಗೆ ಸಮಾಧಾನವಾಯಿತು. "ಹೌದು, ಅದೇ. ನನಗೆ ಮತ್ತು ಕಾಂತಿಗೆ."

ನಮ್ಮ ಕಡೆ ಮಂಗನ ಜ್ವರ, ಮಂಗನ ಕಾಯಿಲೆ ಎಂದರೆ ಆಟವಲ್ಲ. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಅದರ ಮೈಯ ಉಣ್ಣಿ ಕಚ್ಚಿ ಮನುಷ್ಯರಿಗೆ ಬರುವ ಕೆಟ್ಟ ಜ್ವರ ಅದು. ಅಕ್ಷಿತಾ ಕುರ್ಚಿ ಎಳೆದು ಅವನನ್ನು ಕೂರಿಸಿ, ನೀರು ಕೊಟ್ಟು ವಿಚಾರಿಸಿದಳು. ಕಾಡಿಗೆ ಹೋಗಿದ್ದಿರಾ? ಹೋಗಿದ್ದೆವು. ಮಂಗ ಇತ್ತಾ? ಇತ್ತು, ಚಟ್ಟಂಬಡೆ ತೆಗೆದುಕೊಂಡು ಹೋಯಿತು. ಮೈಗೆ ತಾಗಿತಾ? ಕಮಲಾಕ್ಷ ಬೆರಳು ತೋರಿಸಿದ. ಆ ಇಂಜೆಕ್ಷನ್ ಈಗ ಇಲ್ಲಿ ಇಲ್ಲ ಎಂದು ಅವಳು ಹೇಳಿದಾಗ, ಅದಿಲ್ಲದೆ ಆಗುವುದೇ ಇಲ್ಲ, ಮುಂದಿನ ತಿಂಗಳು ತಾನು, ಎಂದು ಅರ್ಧಕ್ಕೆ ನಿಲ್ಲಿಸಿದ.

"ಮುಂದಿನ ತಿಂಗಳು ಏನು ಕಮಲಾಕ್ಷಣ್ಣ?"

"ಏನಿಲ್ಲ" ಎಂದು ಕಮಲಾಕ್ಷ ತಲೆ ತಗ್ಗಿಸಿದ. ಅಕ್ಷಿತಾಳ ಕಣ್ಣಲ್ಲಿ ನೀರು ಬಂತಂತೆ.

ಅವಳು ತನ್ನ ಕೆಲಸ ಎಷ್ಟು ಸರಿಯಾಗಿ ಮಾಡಬೇಕೋ ಅಷ್ಟು ಮಾಡಿದಳು. ಮೇಲಿನವರಿಗೆ ತಿಳಿಸಿದಳು, ಊರಿನಲ್ಲಿ ಯಾರ ಹತ್ತಿರವೂ ಹೆಸರು ಹೇಳಲಿಲ್ಲ. ಆದರೆ ಕೇಂದ್ರದಲ್ಲಿ ಮದ್ದಿಗೆ ಕಾದು ಕುಳಿತವರಿಗೂ ಕಿವಿ ಇತ್ತು. ಮಂಗನ ಜ್ವರದ ಇಂಜೆಕ್ಷನ್ ಕೇಳಿದರು ಎಂಬುದು ಹಾಲಿನ ಡೈರಿಗೆ ಮುಟ್ಟುವಾಗ ತೆಗೆದುಕೊಂಡರು ಎಂದಾಯಿತು. ಸ್ವಸಹಾಯ ಸಂಘದ ಸಭೆಗೆ ಬರುವಾಗ ಜ್ವರ ಬಂದಿದೆ ಎಂದಾಯಿತು. ಮಸೀದಿಯ ಎದುರಿನ ಅಂಗಡಿಯಲ್ಲಿ, ಮುಂದಿನ ತಿಂಗಳು ಕಾಣುವುದು ಕಷ್ಟ ಎಂದು ಡಾಕ್ಟರೇ ಹೇಳಿದ್ದಾರಂತೆ ಎಂಬಲ್ಲಿಗೆ ನಿಂತಿತು.

ಇದು ಯಾವುದೂ ಗೊತ್ತಿಲ್ಲದ ಕಮಲಾಕ್ಷ ಅದೇ ಸಂಜೆ ಸಫಾರಿ ತೊಟ್ಟು, ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಗೊರಿಲ್ಲಾ ಹತ್ತಿರ ಬಂದಾಗ ಕೂರುವ ಅಭ್ಯಾಸ ಮಾಡಲು ಒಗೆಯುವ ಕಲ್ಲಿನ ಹಿಂದೆ ಹೋದ. ಆ ಕಾಯಿಲೆಯ ಬಗ್ಗೆ ಪಂಚಾಯತಿನ ಗೋಡೆಗೆ ಅಂಟಿಸಿದ ಚಿತ್ರದಲ್ಲಿಯೂ ಒಬ್ಬ ಮನುಷ್ಯ ಹೀಗೇ ತುಂಬುತೋಳು ಹಾಕಿ ಪ್ಯಾಂಟನ್ನು ಕಾಲುಚೀಲಕ್ಕೆ ತುರುಕಿ ನಿಂತಿದ್ದಾನೆ. ಸುದ್ದಿ ಕೇಳಿ ಭಾವನನ್ನು ನೋಡಿ ಬರುವ ಎಂದು ಗೋಡೆಯ ಹತ್ತಿರ ಬಂದ ಸುಧಾಕರನಿಗೆ ಕಂಡದ್ದು ಈ ವೇಷ, ಕೈಯಲ್ಲಿ ತೊಂಡೆಬಳ್ಳಿ, ಬಾಯಲ್ಲಿ ಸೊಪ್ಪು, ಗಂಟಲಲ್ಲಿ "ಹ್ಮ್ ಹ್ಮ್."

"ಭಾವ" ಎಂದ ಸುಧಾಕರ, ಗೋಡೆಯ ಮೇಲಿಂದ ತಲೆ ಎತ್ತಿ. "ನಾನು ಯಾರು, ಗೊತ್ತಾಗ್ತದಾ?"

ಕಮಲಾಕ್ಷ ನಿಯಮದಂತೆ ಕಣ್ಣಲ್ಲಿ ಕಣ್ಣಿಡಲಿಲ್ಲ. ಗುಟ್ಟು ರಟ್ಟಾಗುವ ಹೆದರಿಕೆಯಿಂದ ಉತ್ತರವನ್ನೂ ಕೊಡಲಿಲ್ಲ. ಇನ್ನಷ್ಟು ಸೊಪ್ಪು ಬಾಯಿಗೆ ಹಾಕಿಕೊಂಡ. ಸುಧಾಕರ ಮೆಲ್ಲಗೆ ವಿಷಯ ತಿಳಿಸಿದ್ದು ಆಗಲೇ: "ಊರಿಗೆಲ್ಲ ಗೊತ್ತಾಗಿದೆ ಭಾವ. ಮಂಗನ ಕಾಯಿಲೆ. ಹೆದರಬೇಡಿ, ನಾನಿದ್ದೇನೆ." ಹೀಗೆ ಹೇಳಿ ತನ್ನ ಮನೆಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮರುದಿನದಿಂದ ನಮ್ಮ ಅಂಗಳಕ್ಕೆ ಯಾರೂ ಕಾಲಿಡಲಿಲ್ಲ. ಆದರೆ ನಮ್ಮ ಊರಿನವರನ್ನು ನಾನು ದೂರುವುದಿಲ್ಲ. ಬೆಳಿಗ್ಗೆ ಗೇಟಿನ ಕಂಬದ ಮೇಲೆ ಮುಚ್ಚಿಟ್ಟ ಗಂಜಿಯ ಪಾತ್ರೆ ಇತ್ತು, ಮುಚ್ಚಳದ ಮೇಲೆ ಉಪ್ಪಿನಕಾಯಿ, ಅದಕ್ಕೆ ಎಲೆಯ ಮರೆ. ನಮ್ಮ ದನ ಆಗ ಬತ್ತಿತ್ತು. ಹಾಲಿನವನು ಹಾಲನ್ನು ದೂರದಿಂದಲೇ ಇಟ್ಟರೂ ಎಂದಿಗಿಂತ ಒಂದು ಕುಡ್ತೆ ಹೆಚ್ಚು ಹಾಕಿದ್ದ. ಮಲಗಿದವರಿಗೆ ಹಣ್ಣು ಕೊಡುವ ಕ್ರಮ ಉಂಟಲ್ಲ, ಹಣ್ಣೂ ಬಂತು. ಕಿತ್ತಳೆ ಇಲ್ಲ, ಸೇಬಿಲ್ಲ. ಬಂದದ್ದೆಲ್ಲ ಬಾಳೆಹಣ್ಣು. ಗೊನೆಗೊನೆಯಾಗಿ ಬಂತು. ಯಾರೂ ಮಾತಾಡಿಕೊಂಡು ಮಾಡಿದ್ದಲ್ಲ. ಎಲ್ಲರಿಗೂ ಬೇರೆ ಬೇರೆಯಾಗಿ ಹಾಗೆಯೇ ತೋಚಿತ್ತು.

ನಿಜ ಹೇಳಿಬಿಡು ಎಂದು ನಾನು ಕಮಲಾಕ್ಷನಿಗೆ ಹೇಳಿದೆ. ಅವನು ಬಾಳೆಹಣ್ಣು ಸುಲಿಯುತ್ತ, ಸುಧಾಕರನಿಗೆ ಗೊತ್ತಾಗುವುದಕ್ಕಿಂತ ಜ್ವರವೇ ವಾಸಿ ಎಂದ. ಅವನ ನಿರ್ಧಾರ ಅಷ್ಟು ಗಟ್ಟಿ.

ಅದರ ಮರುದಿನ ಆರೋಗ್ಯ ಇಲಾಖೆಯ ಜೀಪು ಬಂತು. ಡಾಕ್ಟರ್ ಮುರ್ಶಿದಾ ಇಳಿದರು. ಇನ್ನೂ ಚಿಕ್ಕ ವಯಸ್ಸು, ಮಾತು ನಿಧಾನ. ಇಬ್ಬರು ಸಿಬ್ಬಂದಿ ನಮ್ಮ ತೋಟದಲ್ಲಿ ಸತ್ತ ಮಂಗ ಹುಡುಕಲು ಹೋದರು. ಊರು ರಸ್ತೆಯ ಆಚೆ ಒಂದು ಅಂಗಳದಷ್ಟು ದೂರ ಬಿಟ್ಟು ಸೇರಿತು. ಸುಧಾಕರ ಗೋಡೆಯ ಮೇಲಿಂದ ಸಾಕ್ಷಿ ಹೇಳಿದ: "ತೊಂಡೆ ಸೊಪ್ಪು, ಡಾಕ್ಟರೇ. ಒಗ್ಗರಣೆ ಇಲ್ಲದೆ. ಭಾವನಿಗೆ ನನ್ನ ಗುರುತು ಸಿಗಲಿಲ್ಲ."

ಡಾಕ್ಟರು ಬೆರಳಿನ ಗೀರು ನೋಡಿದರು, ಜ್ವರ ನೋಡಿದರು. ಜ್ವರ ಇರಲಿಲ್ಲ. ಆದರೂ ಕಾಡಿಗೆ ಹೋಗಿ ಮಂಗ ಮುಟ್ಟಿದವರು. ರಕ್ತ ಪರೀಕ್ಷೆಗೆ ಕಳುಹಿಸಬೇಕು, ವರದಿ ಬಂದು ತಾವು ಸರಿ ಎನ್ನುವವರೆಗೆ ಗಂಡ ಹೆಂಡತಿ ಇಬ್ಬರೂ ಊರು ಬಿಟ್ಟು ಹೋಗಬಾರದು ಎಂದರು. ಎಷ್ಟು ದಿನ ಎಂದು ನಾನು ಕೇಳಿದೆ. ಮುಂದಿನ ತಿಂಗಳವರೆಗೂ ಆಗಬಹುದು ಎಂದರು.

ಕಮಲಾಕ್ಷ ಗೋಡೆಯ ಮೇಲಿನ ಸುಧಾಕರನ ತಲೆಯನ್ನು ನೋಡಿದ. ಆಗ ಕಾಂತಿ ಮೆಟ್ಟಿಲ ಮೇಲೆ ಕುಳಿತು, ರೂಢಿಯಾಗಲೆಂದು ಮನೆಯಲ್ಲಿಯೂ ಹಾಕಿಕೊಂಡಿರುತ್ತಿದ್ದ ತನ್ನ ಬಿಳಿ ಶೂವಿನ ಲೇಸು ಬಿಚ್ಚತೊಡಗಿದಳು. ಒಂದು ಶೂ ಕಳಚಿ, ಅದರ ಮಣ್ಣು ಕೊಡವಿ, ಗೋಡೆಗೆ ಒರಗಿಸಿ ಇಟ್ಟಳು. ಇನ್ನು ಬೇಡವಾದದ್ದನ್ನು ಜೋಪಾನವಾಗಿ ಎತ್ತಿಡುವ ಹಾಗೆ. ಎರಡನೆಯದಕ್ಕೆ ಕೈ ಹಾಕುವಾಗ ಕಮಲಾಕ್ಷ ಎದ್ದು ನಿಂತ.

"ಬಿಚ್ಚಬೇಡ ಕಾಂತಿ" ಎಂದ. ಆಮೇಲೆ ಗೋಡೆಗೂ ರಸ್ತೆಗೂ ಕೇಳುವಷ್ಟು ಗಟ್ಟಿಯಾಗಿ, "ಡಾಕ್ಟರೇ, ನನಗೆ ಕಾಯಿಲೆ ಇಲ್ಲ. ನಾವು ಉಗಾಂಡಾಕ್ಕೆ ಹೋಗುವುದು. ಗೊರಿಲ್ಲಾ ನೋಡ್ಲಿಕ್ಕೆ" ಎಂದ.

ಜ್ವರ ತಲೆಗೆ ಏರಿದೆ ಎಂದು ರಸ್ತೆಯಲ್ಲಿ ಯಾರೋ ಮೆಲ್ಲಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

ಹಾಗಾದರೆ ಸೊಪ್ಪು ಯಾಕೆ ತಿಂದದ್ದು ಎಂದು ಡಾಕ್ಟರು ಕೇಳಿದರು. ಬಾಯಲ್ಲಿ ಹೇಳಿದರೆ ಯಾರೂ ನಂಬುವ ಹಾಗಿರಲಿಲ್ಲ. ಕಮಲಾಕ್ಷ ಊರಿನ ಎದುರು, ನಡು ಅಂಗಳದಲ್ಲಿ, ಕುಕ್ಕರಗಾಲಲ್ಲಿ ಕುಳಿತು ತಲೆ ತಗ್ಗಿಸಿ ದಾಸವಾಳದ ಎಲೆ ಕಿತ್ತು ಬಾಯಿಗಿಟ್ಟು "ಹ್ಮ್ ಹ್ಮ್" ಎಂದ. ದನಿ ಸರಿಯಾಗಿ ಬರಲಿಲ್ಲ. ಆಗ ಕಾಂತಿ ಒಂದು ಕಾಲಿನಲ್ಲಿ ಶೂ, ಒಂದು ಕಾಲು ಬರಿಯದಾಗಿ ನಡೆದು ಬಂದು ಅವನ ಪಕ್ಕದಲ್ಲಿ ಸೀರೆ ಒತ್ತರಿಸಿ ಕುಳಿತಳು. "ಹೊಟ್ಟೆಯಿಂದ ಬರಬೇಕು ಮಾರಾಯ್ರೆ" ಎಂದು ಹೇಳಿ ತಾನೇ ಮಾಡಿ ತೋರಿಸಿದಳು. ಎಂಥ ಗಂಭೀರ ದನಿ ಎಂದರೆ ನಮ್ಮ ಕೊಟ್ಟಿಗೆಯ ದನ ತಿರುಗಿ ಉತ್ತರ ಕೊಟ್ಟಿತು.

ಡಾಕ್ಟರ್ ಮುರ್ಶಿದಾ ನಗಲಿಲ್ಲ. ಬ್ಯಾಗಿನೊಳಗೆ ತಲೆ ಹಾಕಿ ಬಹಳ ಹೊತ್ತು ಏನನ್ನೋ ಹುಡುಕಿದರು. ಆ ಹುಡುಗಿಯ ಒಳ್ಳೆಯತನವನ್ನು ನಾನು ಮರೆಯುವುದಿಲ್ಲ. ತಲೆ ಎತ್ತಿದ ಮೇಲೆ, ಮಂಗನ ಜ್ವರವೇ ಬೇರೆ, ಹಳದಿ ಜ್ವರವೇ ಬೇರೆ, ಅದರ ಇಂಜೆಕ್ಷನ್ ಕೊಡುವುದು ದೊಡ್ಡ ಊರಿನ ಸರಕಾರಿ ಕೇಂದ್ರದಲ್ಲಿ ಮಾತ್ರ ಎಂದು ಬಿಡಿಸಿ ಹೇಳಿದರು. ಬೆರಳಿನ ಗೀರಿಗೆ ಬೇಕಾದ ಇಂಜೆಕ್ಷನ್ ಬೇರೆ ಉಂಟೆಂದು ಅದನ್ನು ಅಲ್ಲಿಯೇ ಚುಚ್ಚಿದರು. ರಕ್ತದ ವರದಿ ಬೇಗ ತರಿಸುವ ಜವಾಬ್ದಾರಿ ತನ್ನದು, ಅದು ಸರಿ ಇದ್ದರೆ ಸರ್ಟಿಫಿಕೇಟಿಗೆ ಸಹಿ ಹಾಕುತ್ತೇನೆ ಎಂದರು. ಹೋಗುವಾಗ ಒಂದು ಮಾತು ಸೇರಿಸಿದರು: ಗೊರಿಲ್ಲಾಗಳಿಗೆ ಮನುಷ್ಯರ ಶೀತ ಬೇಗ ಹತ್ತುತ್ತದೆ, ಶೀತ ಇದ್ದವರನ್ನು ಅಲ್ಲಿ ಹತ್ತಿರ ಬಿಡುವುದೇ ಇಲ್ಲ, ಹೊರಡುವವರೆಗೆ ಜಾಗ್ರತೆ.

ವರದಿ ಸರಿಯಾಗಿಯೇ ಬಂತು. ಸಹಿಯೂ ಬಿತ್ತು, ಇಂಜೆಕ್ಷನೂ ಆಯಿತು. ಕಮಲಾಕ್ಷ ಈಗ ಕಾದದ್ದು, ಸುಧಾಕರ ಯಾವಾಗ ಉಗಾಂಡಾಕ್ಕೆ ಟಿಕೆಟ್ ಮಾಡುತ್ತಾನೆ ಎಂದು. ಆದರೆ ಸುಧಾಕರ ಒಂದು ಕುರ್ಚಿ ತಂದು ನಮ್ಮ ಗೇಟಿನ ಎದುರು ಹಾಕಿ, ಮೂಗಿಗೆ ಮಾಸ್ಕ್ ಕಟ್ಟಿ ಕುಳಿತ.

ಬಂದವರಿಗೆಲ್ಲ ಒಂದೇ ಪ್ರಶ್ನೆ: "ಶೀತ ಉಂಟಾ?" ಉಂಟು ಎಂದವರನ್ನು ಬಿಡಲಿಲ್ಲ. ಇಲ್ಲ ಎಂದವರನ್ನು ನಂಬಲಿಲ್ಲ. ಶುಭ ಹಾರೈಸಲು ಬಂದ ಪಂಚಾಯತ್ ಸದಸ್ಯರಿಗೆ ಮೂಗಿನ ದನಿ ಎಂದು ವಾಪಸು ಕಳುಹಿಸಿದ. ಅವರದು ಹುಟ್ಟಿನಿಂದಲೂ ಅದೇ ದನಿ. ಟಿಕೆಟ್ ಹಿಡಿದುಕೊಂಡು ಬಂಟ್ವಾಳದಿಂದ ಬಂದ ಹಾಜಬ್ಬ ನಶ್ಯ ಹಾಕುವವನು, ಗೇಟಿನಲ್ಲಿಯೇ ಸೀನಿದ. ಸುಧಾಕರ ಅವನನ್ನು ರಸ್ತೆಯ ಆಚೆಗೆ ಅಟ್ಟಿದ. ಹೀಗಾಗಿ ವಿಮಾನ ಎಲ್ಲಿ ಬದಲಿಸಬೇಕು, ಪಾಸ್‌ಪೋರ್ಟು ಎಲ್ಲಿ ಕಟ್ಟಿಕೊಳ್ಳಬೇಕು ಎಂಬುದನ್ನೆಲ್ಲ ಹಾಜಬ್ಬ ಅಲ್ಲಿಂದಲೇ ಕೂಗಿ ಹೇಳಿದ. "ಗುಂಪು ಬಿಟ್ಟು ಹೋಗ್ಬೇಡ ಕಮಲಾಕ್ಷ" ಎಂದು ಉಮ್ರಾದವರಿಗೆ ಹೇಳುವುದನ್ನೇ ಕೊನೆಗೆ ಹೇಳಿದ. ಗುಂಪಿನಲ್ಲಿ ಇದ್ದವರು ಇಬ್ಬರೇ.

ಮೊದಲು ಇವನಿಂದ ತಮಗೆ ಹತ್ತೀತು ಎಂದು ದೂರ ನಿಂತ ಊರು, ಈಗ ತಮ್ಮಿಂದ ಇವರಿಗೆ ಹತ್ತೀತು ಎಂದು ದೂರ ನಿಂತಿತು. ದೂರ ಅಷ್ಟೇ, ಒಂದು ಅಂಗಳದಷ್ಟು.

ಹೊರಡುವ ದಿನ ಕಮಲಾಕ್ಷ ಸಫಾರಿ ತೊಟ್ಟಿದ್ದ. ಕಾಂತಿಯ ಶೂ ಒಗೆದು ಬೆಳ್ಳಗಾಗಿತ್ತು. ರಸ್ತೆಯ ಆ ಬದಿಯಲ್ಲಿ ಸಾಲಾಗಿ ನಿಂತ ಜನ ಸೆರಗು, ಹೆಗಲ ಮೇಲಿನ ಬೈರಾಸು, ಕೈಗೆ ಸಿಕ್ಕಿದ್ದನ್ನು ಮೂಗಿಗೆ ಹಿಡಿದು ಇನ್ನೊಂದು ಕೈ ಬೀಸಿದರು. ಕಾರು ಹೊರಟ ಮೇಲೆಯೇ ಸುಧಾಕರ ಮಾಸ್ಕ್ ತೆಗೆದು ಒಂದು ಸೀನು ಸೀನಿದ. ಬೆಳಗಿನಿಂದ ಹಿಡಿದುಕೊಂಡಿದ್ದನಂತೆ.

ಗೊರಿಲ್ಲಾ ನೋಡಿದ ದಿನ ಕಾಂತಿ ಅಲ್ಲಿಂದ ಫೋನು ಮಾಡಿದಳು. ನಾನು ಸ್ಪೀಕರಿಗೆ ಹಾಕಿದೆ. ಸುಧಾಕರನೂ ಬಂದು ಕುಳಿತಿದ್ದ. ಬೆಟ್ಟವನ್ನು ಕಮಲಾಕ್ಷ ತುದಿಯವರೆಗೂ ಹತ್ತಿದನಂತೆ, ಎಲ್ಲಿಯೂ ಕೂರಲಿಲ್ಲವಂತೆ. ಆದರೆ ದೊಡ್ಡ ಗಂಡು ಗೊರಿಲ್ಲಾ ಪೊದೆಯಿಂದ ಎದುರು ಬಂದಾಗ ಅಭ್ಯಾಸವೆಲ್ಲ ಮರೆತು, ನೆಟ್ಟಗೆ ನಿಂತು ಕೈ ಮುಗಿದು ನಮಸ್ಕಾರ ಎಂದನಂತೆ. ಇವಳೇ ಅಂಗಿ ಹಿಡಿದು ಕೂರಿಸಿ, ಬಾಯಿಗೆ ಸೊಪ್ಪು ಕೊಟ್ಟು, ಹೊಟ್ಟೆಯಿಂದ "ಹ್ಮ್ ಹ್ಮ್" ಅಂದಳಂತೆ. ಹಿಂದೆ ತಾಯಿಯೊಂದು ಮರಿಯ ಮುಖ ಒರೆಸುತ್ತಿತ್ತಂತೆ.

"ಜೋರಾಗಿ ಒರೆಸ್ತಿತ್ತು ಅಕ್ಕ" ಎಂದಳು.

ಆ ದೊಡ್ಡದು ಏನು ಮಾಡಿತು ಎಂದು ಸುಧಾಕರ ಕೇಳಿದ.

"ಏನೂ ಮಾಡಲಿಲ್ಲ ಅಣ್ಣ. ಪೊದೆಯ ಮೇಲಿಂದ ತಲೆ ಎತ್ತಿ ಇವರು ಸೊಪ್ಪು ತಿನ್ನುವುದನ್ನು ನೋಡಿತು. ಥೇಟ್ ನೀನು ಗೋಡೆಯ ಮೇಲಿಂದ ನೋಡಿದ ಹಾಗೆ. ಆಮೇಲೆ ಪಾಪ ಅನ್ನಿಸಿರಬೇಕು, ನಮಗೆ ದಾರಿ ಬಿಟ್ಟು ಆಚೆ ಹೋಗಿ ಕುಳಿತಿತು."